ನಾಲ್ಕು ಬೆರಳಿನ ಕಲೆ

ಇನ್ಸ್‌ಪೆಕ್ಟರರ ಅಂಗಿಯ ಕಾಲರು ಉಜ್ಜುವಾಗ ಮಾತ್ರ ಅವಳು ಉಸಿರು ಬಿಗಿಹಿಡಿದುಕೊಳ್ಳುತ್ತಿದ್ದಳು. ಲಾಂಡ್ರಿ ಇಟ್ಟಂದಿನಿಂದ ಆ ಬೀದಿಯ ಅರ್ಧ ಜನರ ಕೊಳೆ ಅವಳ ಕೈಮೇಲೆ ಹಾದುಹೋಗಿತ್ತು. ಹಸುಗೂಸುಗಳು ಕಕ್ಕಿದ ಬಟ್ಟೆ, ಹಾಸಿಗೆ ಹಿಡಿದ ಮುದುಕರ ಚಾದರ, ಮಾಂಸದಂಗಡಿಯವನ ಏಪ್ರನ್ನು, ಯಾವುದಕ್ಕೂ ಅವಳು ಮೂಗು ಮುರಿದವಳಲ್ಲ. ತೀರಾ ಕೊಳಕು ಬಟ್ಟೆ ತಂದವರು ಮುಜುಗರದಿಂದ ಗಂಟನ್ನು ಹಿಂದಕ್ಕೆ ಮುಚ್ಚಿಡಲು ಹೋದರೆ, "ಕೊಡಿ ಕೊಡಿ, ನೀವೆಲ್ಲ ಚೊಕ್ಕಟವಾಗಿದ್ದುಬಿಟ್ಟರೆ ನಮ್ಮ ಒಲೆ ಉರಿಯೋದು ಹೇಗೆ?" ಎಂದು ತಾನೇ ನಕ್ಕು ಅವರನ್ನು ಹಗುರ ಮಾಡುತ್ತಿದ್ದಳು. ಆದರೆ ಈ ಒಂದು ಕಾಲರಿನ ಒಳಮಗ್ಗುಲಿನ ಕಂದು ಗೆರೆ, ಬೆವರೂ ತಲೆಗೆ ಹಚ್ಚುವ ಎಣ್ಣೆಯೂ ಕಲಸಿದ ಆ ಕಮಟು ವಾಸನೆ, ಬೆಚ್ಚನೆಯ ನೀರು ತಗುಲಿದ ಕೂಡಲೆ ಹಬೆಯ ಜೊತೆ ಮೇಲೆದ್ದು ಬಂದರೆ ಅವಳು ಮುಖವನ್ನು ಆಚೆ ತಿರುಗಿಸಿಬಿಡುತ್ತಿದ್ದಳು. ಠಾಣೆಯ ಬಟ್ಟೆಯೆಲ್ಲ ವಾರಕ್ಕೊಂದು ಸಲ ಒಂದೇ ಗಂಟಿನಲ್ಲಿ ಬರುತ್ತಿತ್ತು; ಪೇದೆಯೊಬ್ಬ ತಂದು ಗಲ್ಲಾ ಮೇಜಿನ ಮುಂದೆ ಎಸೆದು ಹೋಗುತ್ತಿದ್ದ. ಬೇಡ ಅನ್ನೋಣವೆಂದರೆ ಗಂಡ, "ಅವರಿಗೆ ಬೇಡ ಅಂದು ಇದೇ ಬೀದಿಯಲ್ಲಿ ಅಂಗಡಿ ನಡೆಸೋಕಾಗುತ್ತಾ ನಾವು? ಕಣ್ಣು ಮುಚ್ಚಿ ತೊಳೆದು ಕೊಟ್ಟುಬಿಡು" ಅಂದಿದ್ದ. ಕಣ್ಣು ಮುಚ್ಚಬಹುದಿತ್ತು. ಮೂಗು ಮುಚ್ಚಿ ಎಷ್ಟು ಹೊತ್ತು ಇರಲು ಸಾಧ್ಯ? ಒಂದು ದಿನ ಆ ಅಂಗಿಗೆ ಹಾಕುವ ಗಂಜಿಯ ಪಾತ್ರೆಗೆ ಉಗುಳಿಬಿಡಬೇಕೆನಿಸಿ ಬಾಯಲ್ಲಿ ಉಗುಳು ತುಂಬಿಕೊಂಡು ನಿಂತಿದ್ದಳು. ಕೊನೆಗೆ ಅದನ್ನು ತಾನೇ ನುಂಗಿಕೊಂಡಿದ್ದಳು. ಆಮೇಲೆ ಆ ಅಂಗಿಗೆ ಹಾಕಿದ ಇಸ್ತ್ರಿ ಎಷ್ಟು ಅಚ್ಚುಕಟ್ಟಾಗಿ ಬಂದಿತ್ತೆಂದರೆ, ತೋಳಿನ ಗೆರೆ ಚಾಕುವಿನ ಹಾಗೆ ನಿಂತಿದ್ದನ್ನು ನೋಡಿ ಅವಳಿಗೆ ತನ್ನ ಕೈಯನ್ನೇ ಕಂಡು ಅಸಹ್ಯವಾಗಿತ್ತು. ಮನಸ್ಸು ಬೇಡವೆಂದರೂ ಈ ಕೈಗೆ ಕೆಲಸ ಕೆಡಿಸಲು ಬರುವುದಿಲ್ಲವಲ್ಲ!

ಅವತ್ತು ಬೇಕರಿ ಹುಡುಗಿ ಬಂದಾಗ ಅವಳು ಇನ್ಸ್‌ಪೆಕ್ಟರರ ಅಂಗಿಯನ್ನೇ ಹ್ಯಾಂಗರಿಗೆ ಹಾಕುತ್ತಿದ್ದಳು. ಎದುರು ಸಾಲಿನ ಬೇಕರಿಯಲ್ಲಿ ಗಲ್ಲಾದಲ್ಲಿ ಕೂರುವ ಹುಡುಗಿ, ಬಾಯಿ ತುಂಬ ಮಾತು. ಬಟ್ಟೆ ಕೊಡಲು ಬಂದಾಗಲೆಲ್ಲ ಒಂದು ಪೊಟ್ಟಣ ಬಿಸ್ಕತ್ತು ತಂದು, "ಮುರಿದವು, ಇಸ್ತ್ರಿ ಅಕ್ಕ, ಯಾರೂ ಕೊಳ್ಳಲ್ಲ" ಎಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದಳು. ಬಿಚ್ಚಿ ನೋಡಿದರೆ ಅದರಲ್ಲಿ ಮುರಿಯದವೇ ಹೆಚ್ಚು ಇರುತ್ತಿದ್ದವು. ಆದರೂ ಇಬ್ಬರೂ ಮುರಿದವೆಂದೇ ನಡೆಸಿಕೊಂಡು ಬಂದಿದ್ದರು. ಇವತ್ತು ಪೊಟ್ಟಣವಿರಲಿಲ್ಲ. ಕೈಚೀಲದಿಂದ ತಿಳಿಬೂದು ಬಣ್ಣದ ಒಂದು ಕೋಟನ್ನು ಎಳೆದು ಹಾಕಿ, "ಸಂಜೆಯೊಳಗೆ ಆಗುತ್ತಾ?" ಅಂದಳು.

"ಏನಾಯ್ತೇ ಇದಕ್ಕೆ?"

"ಕೆಸರು. ಸೈಕಲ್ಲಿಗೆ ತಗುಲಿ ಬಿದ್ದುಬಿಟ್ಟೆ."

"ಪೆಟ್ಟಾಯ್ತಾ?"

"ಇಲ್ಲ ಇಲ್ಲ. ಸಂಜೆಗೆ ಬರ್ತೀನಿ, ಆಯ್ತಾ?" ಎಂದು ಹುಡುಗಿ ಇವಳ ಮುಖ ನೋಡದೆ ಹೊರಟೇಬಿಟ್ಟಳು. ಬೀದಿ ದಾಟುವಾಗ ಎಡಗೈಯನ್ನು ಮೈಗೆ ಒತ್ತಿಕೊಂಡಿದ್ದಳು.

ಕೋಟಿನ ಎಡತೋಳನ್ನು ಬಿಡಿಸಿ ಬೆಳಕಿಗೆ ಹಿಡಿದಾಗ ಅವಳ ಕಿವಿಯೊಳಗೆ ಗುಂಯ್ ಎಂದಿತು. ಭುಜದಿಂದ ಸ್ವಲ್ಪ ಕೆಳಗೆ ಕಪ್ಪು ಗ್ರೀಸಿನ ನಾಲ್ಕು ಬೆರಳು ಒಂದರ ಪಕ್ಕ ಒಂದು, ಬಿಗಿಯಾಗಿ ಒತ್ತಿ ಕೆಳಕ್ಕೆ ಎಳೆದ ಹಾಗೆ. ಕೆಸರಿನ ಕಲೆಗೂ ಇದಕ್ಕೂ ವ್ಯತ್ಯಾಸ ಹೇಳಲು ಲಾಂಡ್ರಿಯವಳೇ ಆಗಬೇಕಿರಲಿಲ್ಲ. ಹೋದ ಚಳಿಗಾಲ ಅವಳ ಸ್ವಂತ ಕೋಟಿನ ಮೇಲೂ ಇದೇ ಜಾಗದಲ್ಲಿ, ಇವೇ ನಾಲ್ಕು ಬೆರಳು ಕೂತಿದ್ದವು. ಬೆರಳ ಸಂದಿನ ಅಂತರ ಕೂಡ ಇಷ್ಟೇ ಇತ್ತೇನೋ. ಅಳೆದು ನೋಡಲು ಆ ಕಲೆ ಈಗ ಎಲ್ಲಿದೆ? ಅವಳೇ ತೊಳೆದಿದ್ದಳಲ್ಲ. ಅವತ್ತು ರೈಲು ಹಳಿಯ ಕೆಳಗೆ ಹಾದುಹೋಗುವ ಸುರಂಗದಲ್ಲಿ, ಇನ್ನೂ ಪೂರ್ತಿ ಕತ್ತಲಾಗಿರದ ಹೊತ್ತಿನಲ್ಲಿ, ಹಿಂದಿನಿಂದ ಬಂದ ಕೈ ಬಾಯಿ ಮುಚ್ಚಿತ್ತು. ಇನ್ನೊಂದು ಕೈ ತೋಳು ಹಿಡಿದು ಗೋಡೆಗೆ ಒತ್ತಿತ್ತು. ಆಮೇಲೆ ಆ ಕೈ ಎಲ್ಲೆಲ್ಲಿಗೋ ಹೋಗಿತ್ತು. ಕುತ್ತಿಗೆಯ ಮೇಲೆ ಅವನ ಜೊಲ್ಲಿನ ತೇವ. ಬಾಯೊಳಗೆ ಗ್ರೀಸಿನ ರುಚಿ. ಅವಳು ಕಚ್ಚಿದಳು, ಅವನು ಅವಳ ತಲೆಯನ್ನು ಗೋಡೆಗೆ ಬಡಿದ. ಅಷ್ಟರಲ್ಲಿ ಆ ತುದಿಯಲ್ಲಿ ಯಾರೋ ಮಾತಾಡುತ್ತ ಬರುವ ಸದ್ದಾಯಿತು. ಅವನು ಬಿಟ್ಟು ಓಡಿದ. ಓಡುವ ಮೊದಲು ಒಂದು ಗಳಿಗೆ ದೀಪದ ಕೆಳಗೆ ತಿರುಗಿ ನೋಡಿದ್ದ. ರಾಕ್ಷಸನ ಮುಖವೇನಲ್ಲ, ಬಸ್ಸಿನಲ್ಲಿ ಸ್ವಲ್ಪ ಜರುಗಿ ಜಾಗ ಮಾಡಿಕೊಡುವವರ ಮುಖದ ಹಾಗಿತ್ತು.

ಮನೆಗೆ ಹೋಗಿ ಅವಳು ಮಾಡಿದ ಮೊದಲ ಕೆಲಸ ಕೋಟು ತೊಳೆದದ್ದು. ಸೀಮೆಎಣ್ಣೆ ಹಾಕಿ ಗ್ರೀಸು ಬಿಡಿಸಿದಳು, ಸೋಪು ಹಾಕಿ ಸೀಮೆಎಣ್ಣೆಯ ವಾಸನೆ ಬಿಡಿಸಿದಳು, ಕೈ ಸುಲಿಯುವವರೆಗೂ ಉಜ್ಜಿದಳು. ಬೆಳಿಗ್ಗೆ ಇನ್ನೂ ಹಸಿಯಿದ್ದ ಕೋಟನ್ನು ಇಸ್ತ್ರಿಯ ಕೆಳಗೆ ಒಣಗಿಸಿ, ಗೆರೆ ಕೂರಿಸಿ, ಮಡಿಸಿ, ಅಂಗಡಿಯ ಕಂದು ಕಾಗದದಲ್ಲಿ ಸುತ್ತಿ ದಾರ ಕಟ್ಟಿ ಠಾಣೆಗೆ ತೆಗೆದುಕೊಂಡು ಹೋದಳು. ಅಷ್ಟು ಗಲೀಜಾದ ಬಟ್ಟೆಯನ್ನು ಸರ್ಕಾರಿ ಕಛೇರಿಯ ಮೇಜಿನ ಮೇಲೆ ಇಡುವುದಾದರೂ ಹೇಗೆ? ಆಗ ಅವಳಿಗೆ ಹಾಗನ್ನಿಸಿತ್ತು. ಅವಳ ಜನ್ಮದಲ್ಲೇ ಯಾರಿಗೂ ಅವಳು ಕೊಳೆ ಬಟ್ಟೆ ಕೊಟ್ಟವಳಲ್ಲ.

ಇನ್ಸ್‌ಪೆಕ್ಟರು ಕಿತ್ತಳೆಹಣ್ಣು ಸುಲಿಯುತ್ತಿದ್ದರು. ಪಕ್ಕದ ಮೇಜಿನಲ್ಲಿ ರೈಟರ್ ಬರೆಯುತ್ತಿದ್ದ. ಗೋಡೆಗೊರಗಿದ ಒಂದೇ ಬೆಂಚಿನ ಮೇಲೆ, ಸೈಕಲ್ ಕಳೆದುಕೊಂಡವನೊಬ್ಬ ತನ್ನ ದುಃಖ ಮರೆತು ಇವಳ ಮಾತಿಗೆ ಕಿವಿಗೊಟ್ಟು ಕೂತಿದ್ದ. ಯಾರೂ ಕೂರು ಅನ್ನಲಿಲ್ಲ. ಅವಳು ನಿಂತೇ ಹೇಳಿದಳು. ಹೇಳಿ ಮುಗಿಸಿದ ಮೇಲೆ ಇನ್ಸ್‌ಪೆಕ್ಟರು ಪೊಟ್ಟಣ ಬಿಚ್ಚಿ, "ಇದೇನಮ್ಮಾ ಇದು, ಡೆಲಿವರಿನಾ?" ಅಂದರು.

"ಅಲ್ಲ ಸಾರ್, ಇದೇ ಕೋಟು. ಅವನು ಹಿಡ್ಕೊಂಡಿದ್ದು."

"ಎಲ್ಲಿ ಹಿಡ್ಕೊಂಡಿದ್ದ? ಏನೂ ಕಾಣ್ತಾ ಇಲ್ವಲ್ಲ."

"ಗ್ರೀಸ್ ಆಗಿತ್ತು ಸಾರ್. ತೊಳೆದೆ."

"ತೊಳೆದ್ರಾ!" ಅವರು ತೋಳನ್ನು ಎತ್ತಿ ಗೆರೆಯನ್ನು ನೋಡಿ ರೈಟರ್ ಕಡೆಗೆ ತಿರುಗಿಸಿದರು. "ಇಸ್ತ್ರಿನೂ ಆಗಿದೆ ನೋಡಯ್ಯಾ."

ರೈಟರ್ ಪೆನ್ನು ಕೆಳಗಿಟ್ಟು, "ಗಂಜಿ ಹಾಕಿಲ್ವೇನಮ್ಮಾ? ಹಾಕಿದ್ರೆ ಕೇಸು ಇನ್ನೂ ನೆಟ್ಟಗೆ ನಿಲ್ತಿತ್ತು" ಅಂದ.

ಎಲ್ಲರೂ ನಕ್ಕರು. ಬೆಂಚಿನವನೂ ನಕ್ಕ. ಅವಳಿಗೆ ಈಗಲೂ ನೆನೆದರೆ ಮೈ ಜುಮ್ಮೆನ್ನುವುದು ಆ ನಗೆಗಲ್ಲ, ಅವರ ಜೊತೆ ತಾನೂ ಸ್ವಲ್ಪ ನಕ್ಕುಬಿಟ್ಟಿದ್ದಕ್ಕೆ. ಗಿರಾಕಿ ತಮಾಷೆ ಮಾಡಿದರೆ ನಗಬೇಕೆಂದು ತುಟಿಗಳಿಗೆ ಅಭ್ಯಾಸವಾಗಿಹೋಗಿತ್ತು. ಆ ಹೊತ್ತಲ್ಲಿ ಆ ದಾರಿ ಯಾಕೆ ಹಿಡಿದ್ರಿ ಎಂದು ಕೇಳಿದರು. ದಿನಾ ಅದೇ ದಾರಿ ಸಾರ್, ಅಂಗಡಿಯಿಂದ ಮನೆಗೆ, ಅಂದಳು. "ಹಾಗಾದ್ರೆ ಅವನಿಗೂ ನಿಮ್ಮ ಟೈಮು ಗೊತ್ತಿತ್ತು ಅನ್ನಿ. ಪರಿಚಯದವನಾ?" ಅಲ್ಲ ಸಾರ್. "ಗಂಡನಿಗೆ ಹೇಳಿದೀರಾ, ಇಲ್ಲ ನಾವೇ ಹೇಳಬೇಕಾ?" ಕಿತ್ತಳೆಯ ಬೀಜಗಳನ್ನು ಅವರು ಅಂಗೈಗೆ ಉಗಿದುಕೊಂಡು ಮೇಜಿನ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದರು. ಒಂದು ಬೀಜ ಜಾರಿ ಅವಳ ಕೋಟಿನ ಮೇಲೆ ಬಿತ್ತು, ಜೊಲ್ಲಿನಲ್ಲಿ ಹೊಳೆಯುತ್ತ ಅಲ್ಲೇ ಕೂತಿತ್ತು. ಆಮೇಲೆ, ಸರಿಯಾಗಿ ಅರ್ಥವಾಗಬೇಕಲ್ಲ ಎಂದು ಒಬ್ಬ ಪೇದೆಯನ್ನು ಕರೆದು ಅವಳ ಹಿಂದೆ ನಿಲ್ಲಿಸಿ, "ಹೇಗೆ ಹಿಡ್ಕೊಂಡ? ತೋರ್ಸಿ, ಇವನು ಹಿಡ್ಕೋತಾನೆ" ಅಂದರು. ಪೇದೆ ಚಿಕ್ಕ ವಯಸ್ಸಿನವನು. ತೋಳನ್ನು ಮುಟ್ಟಿಯೂ ಮುಟ್ಟದ ಹಾಗೆ ಹಿಡಿದು, ಅವಳಿಗಷ್ಟೇ ಕೇಳುವಂತೆ "ತಪ್ಪು ತಿಳ್ಕೋಬೇಡಿ" ಅಂದ. "ಗಟ್ಟಿಯಾಗಿ ಹಿಡಿಯೋ, ಅವಳೇನು ಗಾಜಾ?" ಎಂದರು ಇನ್ಸ್‌ಪೆಕ್ಟರು. ಸುರಂಗದಲ್ಲಿ ಆದದ್ದು ಒಂದು ನಿಮಿಷದ್ದಿರಬೇಕು. ಇದು ಬಹಳ ಹೊತ್ತು ನಡೆಯಿತು, ಹಗಲು ಬೆಳಕಿನಲ್ಲಿ, ಜನರ ಮುಂದೆ, ಫ್ಯಾನಿನ ಕೆಳಗೆ.

ರೈಟರ್ ಇನ್ನೊಂದು ಕಾಗದ ತರಲು ಒಳಗೆ ಹೋದಾಗ ಅವಳು ಗೋಡೆ ಹಿಡಿದುಕೊಂಡು ನಿಂತಿದ್ದಳು. ನೆಲ ಒರೆಸುತ್ತಿದ್ದ ಮುದುಕಿ ತನ್ನ ಬಕೆಟ್ಟನ್ನು ಹೊರಗೆ ಚೆಲ್ಲಿ ಬಂದು, ಬೋರಲು ಹಾಕಿ, ಸೆರಗಿನಿಂದ ಅದರ ಬೆನ್ನು ಒರೆಸಿ ಇವಳ ಕಾಲ ಬಳಿ ತಳ್ಳಿದಳು. "ಕೂತ್ಕೋ ತಾಯಿ, ಒಣಗಿದೆ." ಆ ಕಟ್ಟಡದಲ್ಲಿ ಅವಳಿಂದ ಏನನ್ನೂ ಕೇಳದೆ ಆಡಿದ ಮಾತು ಅದೊಂದೇ. ಅವಳು ಕೂತಳು. ಕೂತ ಮೇಲೇ ಅಳು ಬಂದದ್ದು.

"ಕರೆಸ್ತೀವಿ" ಅಂದಿದ್ದರು. ಕರೆಸಲಿಲ್ಲ. ಗಂಡ ಬಸ್ಸು ಓಡಿಸುವವನು, ದಿನವಿಡೀ ಜನರ ಜೊತೆ ಬಾಯಿ ಮಾಡಿ ಮನೆಗೆ ಬಂದರೆ ಮೌನವನ್ನೇ ಹೊದ್ದು ಮಲಗುವವನು, ಎಲ್ಲ ಕೇಳಿ, "ಅವರ ಸಹವಾಸ ಬೇಡ, ಬಿಟ್ಟುಬಿಡು" ಅಂದ. ಮರುದಿನದಿಂದ, ತನ್ನ ಪಾಳಿ ಮುಗಿಯಲಿ ಬಿಡಲಿ, ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಬಾಗಿಲಲ್ಲಿ ಬಂದು ನಿಲ್ಲತೊಡಗಿದ. ಅತ್ತೆಗೆ ಯಾರೂ ಏನೂ ಹೇಳಿರಲಿಲ್ಲ, ಆದರೂ ಆ ಚಳಿಗಾಲವಿಡೀ ಅವಳು ಮನೆಗೆ ಬರುವಷ್ಟರಲ್ಲಿ ಸ್ನಾನದ ಮನೆಯಲ್ಲಿ ಒಂದು ಹಂಡೆ ಬಿಸಿನೀರು ತಯಾರಾಗಿರುತ್ತಿತ್ತು. ಎಷ್ಟು ಮಿಂದರೂ ಹೋಗದ ಒಂದು ಜಿಡ್ಡು ಇತ್ತು. ಆದರೆ ಅದು ಸುರಂಗದ್ದಲ್ಲ. ಕಿತ್ತಳೆಯ ಸಿಪ್ಪೆಯದು.

ಇದಿಷ್ಟೇ ಆಗಿದ್ದರೆ ಅವಳು ಈ ಬೂದು ಕೋಟನ್ನು ಹಿಡಿದು ಹೀಗೆ ಬೆವರುತ್ತಿರಲಿಲ್ಲ. ಬೇಸಿಗೆಯಲ್ಲಿ ಅವಳು ಆ ಸುರಂಗದವನನ್ನು ನೋಡಿದ್ದಳು. ಮಾರುಕಟ್ಟೆಯ ಹಿಂದಿನ ಗ್ಯಾರೇಜಿನ ನೀಲಿ ಬಟ್ಟೆಯಲ್ಲಿ, ಹಣ್ಣಿನ ಗಾಡಿಯ ಮುಂದೆ, ಬಾಳೆಹಣ್ಣು ಮೆತ್ತಗಿದೆಯಾ ಎಂದು ಒತ್ತಿ ಒತ್ತಿ ನೋಡುತ್ತಿದ್ದ. ಒತ್ತುತ್ತಿದ್ದ ಹೆಬ್ಬೆರಳ ಬುಡದಲ್ಲಿ ಅವಳ ಹಲ್ಲಿನ ಗುರುತು ಇನ್ನೂ ಬೆಳ್ಳಗೆ ಉಳಿದಿತ್ತು, ಅಥವಾ ಹಾಗೆ ಅವಳಿಗೆ ಕಂಡಿತು. ಮುಖದ ಬಗ್ಗೆ ಮಾತ್ರ ಅನುಮಾನವೇ ಇರಲಿಲ್ಲ. ಅಲ್ಲಿಂದ ಠಾಣೆ ಕೂಗಳತೆಯಲ್ಲಿತ್ತು. ಅವಳ ಕಾಲು ಆ ಕಡೆ ತಿರುಗಿಯೂ ಇತ್ತು. ಆಗ ಇದ್ದಕ್ಕಿದ್ದಂತೆ ಅವಳಿಗೆ ಆ ಫ್ಯಾನಿನ ಸದ್ದು ಕೇಳಿಸಿತು. "ಮತ್ತೆ ಬಂದ್ರಾ? ಈ ಸಲ ಏನು ತೊಳ್ಕೊಂಡು ತಂದಿದೀರಿ?" ಎನ್ನುವುದು ಕೇಳಿಸಿತು. ಯಾರೂ ಹಾಗೆ ಅಂದಿರಲಿಲ್ಲ, ಅನ್ನಲು ಅವಳು ಅವಕಾಶವೇ ಕೊಡಲಿಲ್ಲ. ಎರಡು ಸೌತೆಕಾಯಿ ಕೊಂಡು ಮನೆಗೆ ಹೋದಳು. ಹಾಳಾಗಿ ಹೋಗಲಿ, ನನಗೊಬ್ಬಳಿಗೇ ಯಾಕೆ ಈ ಊರಿನ ಉಸಾಬರಿ, ಎಂದು ದಾರಿಯುದ್ದಕ್ಕೂ ಹೇಳಿಕೊಂಡಳು. ನನಗೊಬ್ಬಳಿಗೆ ಆಗಿದ್ದು ನನಗೊಬ್ಬಳಿಗೇ ಇರಲಿ. ಈಗ ಬೇಕರಿ ಹುಡುಗಿಯ ಕೋಟು ಅವಳ ಮುಂದೆ ತೋಳು ಚಾಚಿ ಮಲಗಿತ್ತು.

ಹೊರಗೆ ಜೀಪು ನಿಂತ ಸದ್ದಾಯಿತು. ಅವಳು ಕೈಗೆ ಸಿಕ್ಕ ಹಾಸಿಗೆ ವಸ್ತ್ರವನ್ನು ಎಳೆದು ಕೋಟಿನ ಮೇಲೆ ಹೊದಿಸಿದಳು. ಹೊದಿಸಿದ ಮೇಲೆ, ಯಾಕೆ ಮುಚ್ಚಿದೆ, ಕದ್ದವಳ ಹಾಗೆ, ಅನ್ನಿಸಿತು.

"ಅಕ್ಕಾ, ಆಯ್ತಾ ನಮ್ದು? ಇವತ್ತು ನಾನೇ ಬಂದೆ ನೋಡಿ." ಇನ್ಸ್‌ಪೆಕ್ಟರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ನಗುತ್ತಿದ್ದರು. ಅವರ ಕಣ್ಣಲ್ಲಿ ಅವತ್ತು ಠಾಣೆಯಲ್ಲಿ ನಿಂತಿದ್ದವಳ ಗುರುತು ಒಂದಿಷ್ಟೂ ಇರಲಿಲ್ಲ. ಮೊದಲ ಸಲವೇನಲ್ಲ, ಮುಂಚೆಯೂ ಒಂದೆರಡು ಸಲ ಬಂದಿದ್ದರು, ಆಗಲೂ ಹೀಗೇ. ಬೇಕೆಂದು ಮರೆತವರ ಮುಖವಾಗಿದ್ದರೆ ಸಹಿಸಬಹುದಿತ್ತು. ಇವರು ನಿಜವಾಗಿಯೂ ಮರೆತಿದ್ದರು. ಅವಳ ಎದೆಯೊಳಗೆ ವರ್ಷದಿಂದ ದಿನವೂ ನಡೆಯುತ್ತಿದ್ದ ಆ ಬೆಳಗು ಇವರ ಪಾಲಿಗೆ ಒಂದು ಕಿತ್ತಳೆಹಣ್ಣಿನಷ್ಟೂ ಉಳಿದಿರಲಿಲ್ಲ.

ಅವಳು ಬಟ್ಟೆ ತಂದಿಟ್ಟಳು. ಅವರು ಅಂಗಿಯನ್ನು ಬಿಡಿಸಿ ನೋಡಿ, "ಕೈ ಅಂದ್ರೆ ನಿಮ್ಮದು ಅಕ್ಕಾ, ನಮ್ಮ ಮನೆಯವರಿಗೆ ಈ ಗೆರೆ ಬರೋದೇ ಇಲ್ಲ" ಅಂದರು. ಆಮೇಲೆ ಹುಬ್ಬು ಗಂಟಿಕ್ಕಿ, "ಇದೇನು, ಎದೆ ಹತ್ರ ಗುಂಡಿ ಇಲ್ವಲ್ಲ?"

"ಬರುವಾಗಲೇ ಇರಲಿಲ್ಲ ಸಾರ್."

"ಇತ್ತು ಇತ್ತು. ನೋಡಿ, ವಾಷಿಂಗ್ ಮಷೀನಿನ ಕೆಳಗೆ ಬಿದ್ದಿರುತ್ತೆ. ಈ ಗುಂಡಿ ಬೇರೆ ಕಡೆ ಸಿಗಲ್ಲ. ಸಿಕ್ಕಿದ್ರೆ ಠಾಣೆಗೆ ತಂದುಕೊಟ್ಟುಬಿಡಿ." ಗಲ್ಲಾ ಮೇಜಿಗೆ ಮೊಣಕೈ ಊರಿ, ಹಾಸಿಗೆ ವಸ್ತ್ರದ ಮೇಲೆ ಟೋಪಿ ಇಟ್ಟು, ಅವರು ಸುಮ್ಮನೆ ಮಾತಿಗೆ ನಿಂತರು. "ಹುಷಾರಾಗಿರಿ ಅಕ್ಕಾ. ಸುರಂಗದ ಹತ್ರ ಯಾವನೋ ಒಬ್ಬ ಹೆಂಗಸರಿಗೆ ಕಾಟ ಕೊಡ್ತಿದಾನಂತೆ. ಊರೆಲ್ಲ ಮಾತಾಡುತ್ತೆ, ಒಬ್ಬರಾದ್ರೂ ಬಂದು ಹೇಳಬೇಡ್ವಾ? ಮೇಲಿನವರು ನಮ್ಮ ಮೇಲೆ ಹಾರಾಡ್ತಾರೆ. ಜನ ಸಹಕಾರ ಕೊಡದಿದ್ರೆ ನಾವೇನು ಕನಸು ಕಾಣ್ಬೇಕಾ? ನಂಬಿಕೇನೇ ಇಲ್ಲ ಈ ಜನಕ್ಕೆ."

"ಹೂಂ ಸಾರ್" ಅಂದಳು.

"ನೀವು ನಾಲ್ಕು ಜನರನ್ನ ನೋಡೋರು. ಕಿವಿಗೆ ಏನಾದ್ರೂ ಬಿದ್ರೆ ಒಂದು ಮಾತು ಹೇಳಿ, ಆಯ್ತಾ?"

ಅಷ್ಟರಲ್ಲಿ ಚಾದರದ ಗಂಟು ಹೊತ್ತು ಮುದುಕರೊಬ್ಬರು ಮೆಟ್ಟಿಲ ಮೇಲೆ ತಡವರಿಸಿದರು. ಇನ್ಸ್‌ಪೆಕ್ಟರು ತಕ್ಷಣ ಎರಡು ಹೆಜ್ಜೆ ಹಾಕಿ ಅವರ ರಟ್ಟೆ ಹಿಡಿದು, "ನಿಧಾನ ತಾತ, ನಿಧಾನ" ಎನ್ನುತ್ತ ಒಳಗೆ ಕರೆತಂದು, ಗಂಟನ್ನು ತಾವೇ ಇಳಿಸಿ, ಸ್ಟೂಲು ಎಳೆದು ಕೂರಿಸಿದರು. ನಾಟಕವೇನಲ್ಲ, ಮನಸಾರೆ ಮಾಡಿದ ಕೆಲಸ. ಅದನ್ನು ನೋಡಿ ಅವಳಿಗೆ ನಿಜವಾಗಿಯೂ ವಾಕರಿಕೆ ಬಂತು. ಈ ಮನುಷ್ಯನಿಗೆ ಕೂರಿಸಲು ಬರುತ್ತದೆ. ಮೆತ್ತಗೆ ಮಾತಾಡಲೂ ಬರುತ್ತದೆ. ಬರುವುದಿಲ್ಲ ಎಂದುಕೊಂಡು ಅವಳು ಇಷ್ಟು ದಿನ ಹೇಗೋ ತಡೆದುಕೊಂಡಿದ್ದಳು.

ಜೀಪು ಹೋದ ಮೇಲೆ ಅವಳು ನೆಲಕ್ಕೆ ಮೊಣಕಾಲೂರಿ ಮಷೀನಿನ ಕೆಳಗೆ ಕೈ ಹಾಕಿ ಗುಂಡಿ ಹುಡುಕಿದಳು. ಕೂದಲು, ಸೋಪಿನ ಲೋಳೆ, ಯಾರದೋ ಕಾಲುಚೀಲ ಬೆರಳಿಗೆ ಸಿಕ್ಕವು. ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿದ ಮೇಲೆ, ತಾನು ಏನು ಮಾಡುತ್ತಿದ್ದೇನೆಂದು ಅರಿವಾಗಿ, ಹಾಗೇ ಸ್ವಲ್ಪ ಹೊತ್ತು ಏಳಲಾಗದೆ ಬಿದ್ದುಕೊಂಡಳು. "ಏನಮ್ಮಾ, ಬಿದ್ದೆಯಾ?" ಅಂದರು ಸ್ಟೂಲಿನ ಮೇಲಿನ ಮುದುಕರು. "ಇಲ್ಲ ತಾತ, ಏನೋ ಹುಡುಕ್ತಿದೀನಿ" ಅಂದಳು.

ಸಂಜೆ ಹುಡುಗಿ ಬಂದಾಗ ಕೋಟು ಹಾಗೆಯೇ ಇತ್ತು.

"ಆಯ್ತಾ ಅಕ್ಕ?"

"ಇಲ್ಲ."

"ಯಾಕೆ, ಹೋಗಲ್ವಾ ಕಲೆ?"

"ಹೋಗುತ್ತೆ. ಗುರುತೂ ಉಳಿಯಲ್ಲ. ಅದಕ್ಕೇ ತೊಳೀಲಿಲ್ಲ." ಅವಳು ಸ್ಟೂಲನ್ನು ಮುಂದಕ್ಕೆ ತಳ್ಳಿದಳು. "ಕೂತ್ಕೋ. ನನ್ನ ಕೋಟಿಗೂ ಆಗಿತ್ತು ಹೋದ ಚಳಿಗಾಲ. ಅದೇ ಸುರಂಗದಲ್ಲಿ. ಇದೇ ಕೈ."

ಹುಡುಗಿ ಸೈಕಲ್ಲಿನ ಮಾತು ಎತ್ತಲಿಲ್ಲ. ಕೂತು, ಎಡತೋಳನ್ನು ಬಲಗೈಯಿಂದ ಸುತ್ತಿ ಹಿಡಿದು, "ಠಾಣೆಗೆ ಹೋಗಿದ್ರಾ?" ಅಂದಳು.

"ಹೋಗಿದ್ದೆ."

"ಹೋದ್ರೆ ಹೇಗೆ ನಡ್ಕೋತಾರೆ ಅಕ್ಕ?"

ಈ ಪ್ರಶ್ನೆಗೇ ಅವಳು ಬೆಳಗಿನಿಂದ ಹೆದರಿದ್ದಳು. ಚೆನ್ನಾಗಿ ನೋಡ್ಕೋತಾರೆ, ಹೋಗು ಮಗಳೇ, ಅಂದುಬಿಟ್ಟರೆ ಹುಡುಗಿ ಹೋಗುತ್ತಾಳೆ, ಫ್ಯಾನಿನ ಕೆಳಗೆ ನಿಲ್ಲುತ್ತಾಳೆ, ಹಿಂದೆ ಒಬ್ಬ ಪೇದೆ ನಿಲ್ಲುತ್ತಾನೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಹುಡುಗಿ ಹೋಗುವುದಿಲ್ಲ, ಗ್ಯಾರೇಜಿನವನು ಬಾಳೆಹಣ್ಣು ಒತ್ತಿ ನೋಡುತ್ತ ಇನ್ನೊಂದು ಸಂಜೆಗೆ ಕಾಯುತ್ತಾನೆ. ಕೊನೆಗೆ ಬಾಯಿಗೆ ಬಂದದ್ದು ನಿಜವೇ. ನಿಲ್ಲಿಸಿ ಕೇಳಿದ್ದು, ಗಂಜಿ ಹಾಕಿಲ್ವಾ ಅಂದದ್ದು, ಬೀಜ ಬಿದ್ದದ್ದು. ಪೇದೆಯನ್ನು ಹಿಂದೆ ನಿಲ್ಲಿಸಿದ್ದನ್ನೂ ಹೇಳಿದಳು. ಗಂಡನಿಗೂ ಅದನ್ನು ಹೇಳಿರಲಿಲ್ಲ.

ಹುಡುಗಿ ಎದ್ದು ನಿಂತಳು. "ಹಾಗಾದ್ರೆ ತೊಳೆದುಬಿಡಿ."

"ಅಲ್ಲ ಕಣೇ..."

"ತೊಳೆದುಬಿಡಿ ಅಕ್ಕ. ನಿಮ್ಮಂಥ ದೊಡ್ಡವರಿಗೇ ಹಾಗೆ ಮಾಡಿದ್ರೆ ನನ್ನನ್ನ ಬಿಡ್ತಾರಾ? ನಮ್ಮಣ್ಣನಿಗೆ ಗೊತ್ತಾದ್ರೆ ನಾಳೆಯಿಂದ ಕೆಲಸಕ್ಕೂ ಕಳಿಸಲ್ಲ. ತೊಳೀರಿ, ಇಲ್ಲೇ ನಿಂತಿರ್ತೀನಿ."

ಅವಳು ಕೋಟು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದಳು. ಬೋಗುಣಿ ಇಟ್ಟಳು, ನಲ್ಲಿ ತಿರುಗಿಸಿದಳು. ಸೀಮೆಎಣ್ಣೆಯ ಶೀಶೆಯ ಮುಚ್ಚಳ ತೆಗೆದಾಗ ಆ ವಾಸನೆ ಬಂತು, ಅವತ್ತಿನದೇ. ಕೈಗಳು ತಮ್ಮಷ್ಟಕ್ಕೆ ಕೆಲಸ ಶುರು ಮಾಡಿದ್ದವು. ಎಡಗೈ ತೋಳನ್ನು ಚಾಚಿ ಹಿಡಿಯಿತು, ಬಲಗೈ ಚಿಂದಿಯನ್ನು ಹುಡುಕಿತು. ಎಷ್ಟು ಸಲೀಸು! ಇನ್ನು ಸ್ವಲ್ಪ ಹೊತ್ತಿಗೆ ಏನೂ ಆಗಿರುವುದೇ ಇಲ್ಲ. ಗೆರೆ ಚಾಕುವಿನ ಹಾಗೆ ನಿಲ್ಲುತ್ತದೆ. ಅವನು ಹಿಡಿದದ್ದನ್ನು ಇವಳು ತೊಳೆದು ಕೊಡುತ್ತಾಳೆ, ಹೀಗೇ ಒಂದೊಂದು ಚಳಿಗಾಲಕ್ಕೆ ಒಂದೊಂದು ಕೋಟು, ಅವನ ಮನೆಯ ಕೆಲಸದವಳ ಹಾಗೆ. ಈ ಮಾತು ಮನಸ್ಸಿಗೆ ಬಂದದ್ದೇ ತಡ, ಬೆಳಗಿನಿಂದ ಗಂಟಲಲ್ಲಿ ನಿಂತಿದ್ದದ್ದು ನುಗ್ಗಿ ಬಂತು. ಕೋಟನ್ನು ಪಕ್ಕಕ್ಕೆ ಎತ್ತಿ ಹಿಡಿದುಕೊಂಡೇ ಬೋಗುಣಿಗೆ ವಾಂತಿ ಮಾಡಿಕೊಂಡಳು. ಬಾಯಿ ತೊಳೆದು ನಲ್ಲಿ ನಿಲ್ಲಿಸಿ ಹೊರಗೆ ಬಂದಳು. ಕೋಟಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

"ನನ್ನ ಕೈಯಲ್ಲಿ ಆಗಲ್ಲ. ಇನ್ನೊಂದು ಇದೆ, ಕೇಳು. ಅವನನ್ನ ನಾನು ನೋಡಿದೀನಿ. ಎಲ್ಲಿ ಕೆಲಸ ಮಾಡ್ತಾನೆ ಅಂತ ಗೊತ್ತು."

"ಯಾವಾಗ ನೋಡಿದ್ರಿ?"

"ಬೇಸಿಗೇಲಿ."

ಹುಡುಗಿ ಅವಳನ್ನೇ ನೋಡಿದಳು. ಬೇಸಿಗೆಯಿಂದ ನಿನ್ನೆ ಸಂಜೆಯವರೆಗಿನ ದಿನಗಳೆಲ್ಲ ಆ ಕಣ್ಣಲ್ಲಿ ಒಂದೊಂದಾಗಿ ದಾಟುತ್ತಿದ್ದವು. "ನೀವು ಆವಾಗ್ಲೇ ಹೇಳಿದ್ದಿದ್ರೆ..." ಅಂದಳು.

"ಹೂಂ" ಅಂದಳು ಅವಳು.

ಕೊಳೆ ಬಟ್ಟೆಯನ್ನು ನೋಡುವ ಹಾಗೆ ಯಾರಾದರೂ ತನ್ನನ್ನು ನೋಡಿದರೆ ಹೇಗಿರುತ್ತದೆಂದು ಅವಳಿಗೆ ಠಾಣೆಯಲ್ಲಿ ಗೊತ್ತಾಗಿತ್ತು. ಆದರೆ ಅಲ್ಲಿ ಅವಳು ತಪ್ಪು ಮಾಡಿರಲಿಲ್ಲ. ಹುಡುಗಿ ಅವಳ ಕೈಯಿಂದ ಕೋಟನ್ನು ಕಿತ್ತುಕೊಂಡು ಬಾಗಿಲಿಗೆ ನಡೆದಳು. ಹೊಸ್ತಿಲಲ್ಲಿ ನಿಂತು, ಬೆನ್ನು ಹಾಕಿಕೊಂಡೇ, "ಮತ್ತೆ ನಿಂತೇ ಇದೀರಲ್ಲ, ಬನ್ನಿ" ಅಂದಳು.

"ಎಲ್ಲಿಗೆ?"

"ಇನ್ನೆಲ್ಲಿಗೆ? ನಿಮ್ಮ ಮೇಲೆ ನನಗೆ ಮೈ ಉರೀತಿದೆ, ಆದ್ರೂ ಒಬ್ಬಳೇ ಹೋಗಲ್ಲ ನಾನು."

ಬಾಗಿಲ ಬಳಿ ಗಂಡ ಬಂದು ನಿಂತಿದ್ದ. ಅವಳು ಬೀಗದ ಕೈಯನ್ನು ಅವನಿಗೆ ಕೊಟ್ಟು, "ಠಾಣೆಗೆ ಹೋಗಿ ಬರ್ತೀನಿ" ಅಂದಳು. ಅವನು ಏನೋ ಹೇಳಹೊರಟು, ಹುಡುಗಿಯ ಕೈಯಲ್ಲಿದ್ದ ಕೋಟಿನ ತೋಳು ಕಣ್ಣಿಗೆ ಬಿದ್ದು, ಷಟರ್ ಎಳೆಯಲು ಬಗ್ಗಿದ.

ಅದೇ ಫ್ಯಾನು, ಅದೇ ಬೆಂಚು. ನೆಲ ಒರೆಸುವ ಮುದುಕಿ ಇರಲಿಲ್ಲ. ಇನ್ಸ್‌ಪೆಕ್ಟರು ಬೆಳಿಗ್ಗೆ ಒಯ್ದ ಅಂಗಿಯನ್ನೇ ತೊಟ್ಟಿದ್ದರು. ಗುಂಡಿಯಿಲ್ಲದ ಕಡೆ ಅಂಗಿ ಬಾಯಿ ಬಿಟ್ಟುಕೊಂಡು ಒಳಗಿನ ಬನಿಯನ್ ಕಾಣುತ್ತಿತ್ತು. ಅವಳನ್ನು ಕಂಡು ಅವರ ಮುಖ ಅರಳಿತು.

"ಓ ಅಕ್ಕಾ! ಗುಂಡಿ ಸಿಕ್ತಾ?"

ಅವಳು ರೈಟರ್‌ನ ಮೇಜಿನ ಪಕ್ಕದ ಕುರ್ಚಿಯನ್ನು, ನೆಲದ ಮೇಲೆ ಕರ್ರೆಂದು ಸದ್ದಾಗುವ ಹಾಗೆ ಎಳೆದು ತಂದು, ಹುಡುಗಿಯ ಭುಜ ಒತ್ತಿ ಕೂರಿಸಿದಳು. ಆ ಸದ್ದಿಗೆ ಒಳಗಿನಿಂದ ಯಾರೋ ಇಣುಕಿ ನೋಡಿದರು. ಹುಡುಗಿಯ ಮಡಿಲಿನಿಂದ ಕೋಟು ತೆಗೆದು, ಮಡಿಸದೆ, ಕಾಗದ ಸುತ್ತದೆ, ತೋಳು ಮೇಲಾಗುವ ಹಾಗೆ ಇನ್ಸ್‌ಪೆಕ್ಟರರ ಮೇಜಿನ ಮೇಲೆ ಹರಡಿದಳು. ಅವರ ಚಹಾದ ಲೋಟವನ್ನು ಒಂದು ಕಡೆಗೆ ಸರಿಸಬೇಕಾಯಿತು.

"ಇದನ್ನ ತೊಳೆದಿಲ್ಲ ಸಾರ್."

ರೈಟರ್‌ನ ಪೆನ್ನು ನಿಂತಿತು. ಅವನಿಗೆ ನೆನಪಾಗಿತ್ತು, ಅವನು ತಲೆ ತಗ್ಗಿಸಿ ಬರೆಯದ ಕಾಗದವನ್ನೇ ನೋಡತೊಡಗಿದ. ಇನ್ಸ್‌ಪೆಕ್ಟರು ಕೋಟು ನೋಡಿದರು, ಆ ಬೆರಳುಗಳನ್ನು ನೋಡಿದರು, ಆಮೇಲೆ ಮೊದಲ ಸಲವೆಂಬಂತೆ ಅವಳ ಮುಖ ನೋಡಿದರು. ಹಣೆಯ ಮೇಲೆ ಒಂದು ಗೆರೆ ಮೂಡಿತು. ಬೇರೆಲ್ಲೋ ನೋಡಿದ ಹಾಗಿದೆ ಎಂದು ಹುಡುಕುವವರ ಗೆರೆ. ಆ ಗೆರೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ತಾನು ಉಸಿರು ಹಿಡಿದು ಕಾಯುತ್ತಿರುವುದು ಅವಳಿಗೆ ತಿಳಿಯಿತು. ಕೊಟ್ಟ ಬಟ್ಟೆ ಸಿಗುತ್ತದೋ ಇಲ್ಲವೋ ಎಂದು ಗಲ್ಲಾದ ಮುಂದೆ ಗಿರಾಕಿ ಕಾಯುವ ಹಾಗೆ. ಇಷ್ಟೆಲ್ಲ ಆದ ಮೇಲೂ ಈ ಮನುಷ್ಯನಿಗೆ ತನ್ನ ನೆನಪಾಗಲಿ ಎಂದು ತನ್ನೊಳಗೆ ಯಾರೋ ಬೇಡುತ್ತಿದ್ದಾರೆ! ಅವಳಿಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

ಹುಡುಗಿ ಅವಳ ಕಡೆ ನೋಡಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಕೆನ್ನೆ ಬಿಗಿದೇ ಇತ್ತು. ಆದರೂ ಕುರ್ಚಿಯಲ್ಲಿ ಒಂದು ಅಂಚಿಗೆ ಸರಿದು, ಪಕ್ಕದಲ್ಲಿ ಅರ್ಧ ಜಾಗ ಬಿಟ್ಟಳು.

"ನೀವು... ಮುಂಚೆ ಒಂದ್ಸಲ ಬಂದಿದ್ರಾ?" ಅಂದರು ಇನ್ಸ್‌ಪೆಕ್ಟರು.

ಅವಳು ಆ ಅರ್ಧ ಜಾಗದಲ್ಲಿ ಕೂತು, ರೈಟರ್ ಕಡೆಗೆ ತಿರುಗಿದಳು.

"ಅದನ್ನೂ ಬರ್ಕೊಳ್ಳಿ" ಅಂದಳು.